ಬೀಟೆಯ ಡೆಸ್ಕು

ನಮ್ಮ ಮನೆತನದ ಆಸ್ತಿ ಪಾಲಾದಾಗ ಜಗಳವಾಗದೆ ಉಳಿದ ವಸ್ತು ಒಂದೇ, ಅಜ್ಜನ ಡೆಸ್ಕು. ಯಾರಿಗೂ ಬೇಡವಾಗಿತ್ತು ಅಂತಲ್ಲ. ಎಲ್ಲರಿಗೂ ಬೇಕಿತ್ತು, ಇಡೋಕೆ ಜಾಗ ಮಾತ್ರ ಯಾರ ಫ್ಲ್ಯಾಟಿನಲ್ಲೂ ಇರಲಿಲ್ಲ. ಹಾಗಾಗಿ ಹತ್ತು ವರ್ಷ ಅದು ಊರ ಮನೆಯ ಅಟ್ಟದಲ್ಲೇ ಕೂತಿತ್ತು. ಹೋದ ಬೇಸಿಗೆಯಲ್ಲಿ ಮನೆಯ ಹೆಂಚು ಇಳಿಸುವಾಗ ಅದನ್ನೂ ಇಳಿಸಿದರು. ಆ ಹೊತ್ತಿಗೆ ಎದುರಿಗೆ ಸಿಕ್ಕವನು ನಾನು.

ಡೆಸ್ಕು ಅಂದರೆ ಕಾಲಿರುವ ಮೇಜಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎದುರಿಗಿಟ್ಟುಕೊಳ್ಳುವ ಇಳಿಜಾರು ಮುಚ್ಚಳದ ಪೆಟ್ಟಿಗೆ. ಎರಡಡಿ ಉದ್ದ. ನೆತ್ತಿಯಲ್ಲಿ ಮಸಿಕುಡಿಕೆಗೊಂದು ಗುಂಡಿ, ಲೇಖನಿ ಉರುಳದಂತೆ ಉದ್ದಕ್ಕೊಂದು ಗೀರು. ಅಜ್ಜ ಶಾನುಭೋಗರು. ಊರಿನ ಕಂದಾಯದ ಲೆಕ್ಕವೆಲ್ಲ ಈ ಮುಚ್ಚಳದ ಮೇಲೆ ಬರೆದದ್ದೇ. 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಹಳ್ಳಿ ಹುದ್ದೆಗಳೆಲ್ಲ ಹೋದವು. ಆಮೇಲೆ ಡೆಸ್ಕಿನಲ್ಲಿ ಜಾತಕ, ಅಡಿಕೆ ಚೂರು, ದನದ ಔಷಧಿ ಸೇರಿಕೊಂಡವು. ಈಗಲೂ ಮೂಗು ಹತ್ತಿರ ಒಯ್ದರೆ ಮೂರೂ ಬೇರೆ ಬೇರೆ ಗೊತ್ತಾಗುತ್ತವೆ.

ಇದರ ಬಗ್ಗೆ ಮನೆಯಲ್ಲಿ ಎರಡು ಮಾತು ವೇದವಾಕ್ಯದ ಹಾಗೆ ನಡೆದುಕೊಂಡು ಬಂದಿದ್ದವು. ಒಂದು, ಇದು ಅಪ್ಪಟ ಬೀಟೆ. ಇನ್ನೊಂದು, ಇದು ಕೆಳದಿ ಅರಸರ ಕಾಲದ್ದು. ಎರಡನ್ನೂ ಕಾಪಾಡಿಕೊಂಡು ಬಂದವಳು ಅತ್ತೆ. ‘ಬಣ್ಣ ನೋಡೋ, ಕಾಡಿಗೆ ಇದ್ದ ಹಾಗಿದೆ. ಬೀಟೆ ಅಲ್ದೆ ಮತ್ತೇನು?’

ಬೆಂಗಳೂರಿಗೆ ತಂದ ಮೇಲೆ ಸಡಿಲಾದ ಅಡಿಹಲಗೆ ಸರಿಮಾಡಿಸಲು ಒಬ್ಬ ಆಚಾರಿಯನ್ನು ಕರೆಸಿದೆ. ನಾನು ಬಟ್ಟೆ ತಗೊಂಡು ಮುಚ್ಚಳ ಒರೆಸಿ ತೋರಿಸಿದೆ. ಆತ ಅದರ ಕಡೆ ನೋಡಲೇ ಇಲ್ಲ. ಡೆಸ್ಕನ್ನು ಎತ್ತಿ, ಭಾರ ಅಂದಾಜು ಮಾಡಿ, ಕವುಚಿ ಹಾಕಿದ. ಅಡಿಯಲ್ಲಿ ಕಾಣದ ಮೂಲೆಯೊಂದನ್ನು ಉಳಿಯ ತುದಿಯಿಂದ ಚೂರೇ ಚೂರು ಕೆರೆದ. ಕಪ್ಪು ಹೋಗಿ ಒಳಗಿಂದ ಅರಿಶಿನ ಬಣ್ಣ ಇಣುಕಿತು. ‘ಹಲಸು ಸಾರ್’ ಅಂದ. ಬೀಟೆಯಾಗಿದ್ದರೆ ಎಷ್ಟು ಕೆರೆದರೂ ನೇರಳೆಗಪ್ಪು, ನಡುವೆ ಕರಿ ಗೆರೆ, ಜೊತೆಗೆ ಒಂದು ಸಿಹಿ ವಾಸನೆ. ಭಾರವೂ ಜಾಸ್ತಿ. ಹಲಸು ಹೊಸದಾಗಿ ಕೊಯ್ದಾಗ ಹಳದಿ, ಕಾಲ ಕಳೆದಂತೆ ಕೆಂಪುಕಂದಾಗುತ್ತದೆ. ಆದರೆ ಇಷ್ಟು ಕಪ್ಪು?

ಅದಕ್ಕೆ ಉತ್ತರ ನನ್ನ ತಲೆಯಲ್ಲೇ ಇತ್ತು. ಪ್ರತಿ ಮಳೆಗಾಲದ ಮುಂಚೆ ಅಜ್ಜ ಕುಂದಾಪುರದ ಕಡೆಯಿಂದ ಗೇರೆಣ್ಣೆ ತರಿಸುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ, ಮೈಗೆ ತಾಗಿದರೆ ಸುಡುತ್ತದೆ. ಅದನ್ನು ಹಚ್ಚಿದ ಮರಕ್ಕೆ ಗೆದ್ದಲು ಬಾಯಿ ಹಾಕೋದಿಲ್ಲ. ಮರ ಮಾತ್ರ ಕರ್ರಗಾಗುತ್ತದೆ. ಕಿಟಕಿ, ಕಂಬ, ಏಣಿ, ಡೆಸ್ಕು, ಎಲ್ಲಕ್ಕೂ ಒಂದೊಂದು ಕೈ. ಆ ಲೆಕ್ಕದಲ್ಲಿ ನಮ್ಮನೆ ಏಣಿಯೂ ಬೀಟೆಯದ್ದೇ.

ಇನ್ನು ಕೆಳದಿ ಅರಸರು. ಅವರ ರಾಜಧಾನಿ ಬಿದನೂರು ಹೈದರಾಲಿಯ ಕೈಸೇರಿದ್ದು 1763ರಲ್ಲಿ. ಡೆಸ್ಕಿನ ಹಿತ್ತಾಳೆ ಬೀಗದ ಮೇಲೆ ಹುಣಿಸೆಹಣ್ಣು ತಿಕ್ಕಿದಾಗ ಸಣ್ಣ ಇಂಗ್ಲಿಷ್ ಅಕ್ಷರ ಮೂಡಿದವು: ಮೇಡ್ ಇನ್ ಜರ್ಮನಿ. ಈ ಮೊಹರಿಗೊಂದು ಕತೆಯಿದೆ. ಜರ್ಮನಿಯ ಅಗ್ಗದ ಮಾಲು ತಮ್ಮ ಮಾಲಿನ ವೇಷದಲ್ಲಿ ಬರುತ್ತಿದೆ ಅಂತ ಕೋಪ ಬಂದು ಬ್ರಿಟಿಷರು 1887ರಲ್ಲಿ ಕಾನೂನು ಮಾಡಿದರು, ಹೊರದೇಶದ ಸಾಮಾನಿನ ಮೇಲೆ ಹುಟ್ಟೂರು ಬರೆಯಬೇಕು ಅಂತ. ಮೇಡ್ ಇನ್ ಜರ್ಮನಿ ಅನ್ನೋದು ಮನೆಮಾತಾದದ್ದು ಅಲ್ಲಿಂದಾಚೆಗೆ. ಬೀಗವನ್ನು ಆಮೇಲೆ ಹಾಕಿರಬಹುದಲ್ವಾ ಅಂತ ಕೇಳಿದೆ, ಅತ್ತೆಯ ಪರವಾಗಿ. ಹಾಗಿದ್ದರೆ ಹಳೇ ಬೀಗದ ತೂತು ಮುಚ್ಚಿದ ತೇಪೆ ಕಾಣಬೇಕಿತ್ತು. ಇಲ್ಲಿ ಕೊರೆದ ಗೂಡು ಒಂದೇ, ಬೀಗ ಅದರಲ್ಲಿ ಕೂದಲೆಳೆ ಸಂದಿಲ್ಲದೆ ಕೂತಿದೆ.

ಒಂದು ಬದಿಯ ಕೀಲು ಮಾತ್ರ ಸುಳ್ಳು ಹೇಳುತ್ತಿತ್ತು. ಅದರ ಸ್ಕ್ರೂಗಳ ತಲೆಯಲ್ಲಿ ಪ್ಲಸ್ ಗುರುತು. ಆ ಥರದ ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅಪ್ಪನ ರಿಪೇರಿ ಇರಬೇಕು. ನಮ್ಮಪ್ಪ ರಿಪೇರಿ ಮಾಡಿದ ವಸ್ತುವಿಗೆ ಸಾಕ್ಷಿ ಬೇಕಾಗೋದಿಲ್ಲ, ಒಂದು ಸ್ಕ್ರೂ ಓರೆ ಹೋಗಿರುತ್ತದೆ.

ಅಡಿಹಲಗೆ ಬಿಚ್ಚಿದಾಗ ಮೂಲೆಗಳ ಜೋಡಣೆ ಕಂಡಿತು. ಪಾರಿವಾಳದ ಬಾಲದ ಹಾಗೆ ಅಗಲವಾಗುವ ಹಲ್ಲುಗಳು, ಒಂದರೊಳಗೊಂದು ಕಚ್ಚಿಕೊಂಡಿವೆ. ಡೌಟೇಲು ಅಂತಾರೆ ಆಚಾರಿಗಳು. ಯಂತ್ರದ್ದಾದರೆ ಎಲ್ಲ ಹಲ್ಲೂ ಒಂದೇ ಅಳತೆ. ಇಲ್ಲಿ ಒಂದು ದಪ್ಪ, ಒಂದು ಸಣ್ಣ. ಪ್ರತಿ ಮೂಲೆಯ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಕನ್ನಡ ಅಂಕಿ. ಒಂದು ಹಲಗೆಯಲ್ಲಿ ೧, ಎದುರಿನದರಲ್ಲೂ ೧. ಆಮೇಲೆ ೨, ೨. ಯಾವುದಕ್ಕೆ ಯಾವುದು ಕೂರಬೇಕು ಅಂತ ಮಾಡಿದವನೇ ಹಾಕಿಕೊಂಡ ಗುರುತು. ಮೂರನೇ ಮೂಲೆಯಲ್ಲಿ ಒಂದು ಕಡೆ ೩, ಇನ್ನೊಂದು ಕಡೆ ಅದು ೬ರ ಹಾಗಿದೆ. ಕೈ ಜಾರಿತೋ, ಯಾರಾದರೂ ಊಟಕ್ಕೆ ಕರೆದರೋ. ಅದರ ಮೇಲೆ ಹೆಬ್ಬೆರಳಿಟ್ಟು ಸುಮ್ನೆ ಸುಮಾರು ಹೊತ್ತು ಕೂತಿದ್ದೆ.

ಬೆಲೆ ಕೇಳಬಾರದಿತ್ತು, ಕೇಳಿದೆ. ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಬಂದು ನೋಡಿ ನಾಲ್ಕು ಸಾವಿರ ಅಂದರು. ಬೀಟೆಯಾಗಿದ್ದರೆ ಮಾತೇ ಬೇರೆ ಇತ್ತಂತೆ. ಉಜ್ಜಿಸಿ ಹೊಳೆಯುವ ಪಾಲಿಶ್ ಹೊಡೆಸಿದರೆ ನೋಡೋಕೆ ಚೆನ್ನಾಗಿರುತ್ತೆ, ಆದರೆ ಬೆಲೆ ಎರಡಕ್ಕಿಳಿಯುತ್ತೆ ಅಂತಲೂ ಹೇಳಿದರು. ನೂರು ವರ್ಷದ ಕೊಳೆಗೆ ಎರಡು ಸಾವಿರ! ನಮ್ಮನೆ ಅಡುಗೆಮನೆಯ ಗೋಡೆಗೂ ಒಂದು ದರ ಕೇಳಬೇಕಿತ್ತು.

ನ್ಯೂಜೆರ್ಸಿಯಲ್ಲಿರುವ ಅತ್ತೆಯ ಮಗ, ಹಾಗಾದರೆ ನನಗೇ ಕಳಿಸು ಅಂದ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ, ದಾಟಿಲ್ಲ ಅನ್ನೋದಕ್ಕೆ ಪುರಾತತ್ವ ಇಲಾಖೆಯ ಪ್ರಮಾಣಪತ್ರ ಬೇಕು. ಬೀಟೆಯಾಗಿದ್ದರೆ ಇನ್ನೂ ಕಷ್ಟವಿತ್ತು, 2017ರಿಂದ ಬೀಟೆಯ ಇಡೀ ಕುಲದ ಮರದ ಮೇಲೆ ಅಂತರರಾಷ್ಟ್ರೀಯ ನಿಗಾ ಇದೆ. ಇಷ್ಟು ಹೇಳಿದ್ದಕ್ಕೆ ಅವನು ‘ಇರಲಿ ಬಿಡು, ಫೋಟೋ ಕಳಿಸು’ ಅಂದ.

ಅತ್ತೆಗೆ ಹೇಳೋದು ಮಾತ್ರ ವಾರಗಟ್ಟಲೆ ಮುಂದೂಡಿದೆ. ಕೊನೆಗೆ ಫೋನು ಮಾಡಿ, ಸಮಾಧಾನದ ಮಾತನ್ನೇ ಮೊದಲು ಹೇಳಿದೆ. ವೀಣೆ ಮಾಡೋದೂ ಹಲಸಿನಲ್ಲೇ, ಮೃದಂಗ ಮಾಡೋದೂ ಹಲಸಿನಲ್ಲೇ, ಹಲಸು ಅಂದರೆ ಏನು ಕಡಿಮೆ ಮರವಾ?

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಆ ಆಚಾರಿ ಯಾವ ಕಡೆಯವನು?’

‘ಕೋಲಾರದ ಕಡೆ ಅಂದ.’

‘ಬಯಲುಸೀಮೆಯವನು. ಅವನು ಬೀಟೆ ಎಲ್ಲಿ ನೋಡಿರ್ತಾನೆ, ಬಿಡು.’