ಬದುಕಿದ್ದೇನೆಂದು ಮುದ್ರಿಸಿ ಕೊಡು

ನಮ್ಮ ಮನೆಯ ಪ್ರಿಂಟರ್ ನನ್ನ ಲ್ಯಾಪ್‌ಟಾಪಿನಿಂದ ಎರಡು ಮೊಳ ದೂರದಲ್ಲಿದೆ. ಕುಳಿತಲ್ಲಿಂದಲೇ ಕೈ ಚಾಚಿದರೆ ತಲೆ ಸವರಬಹುದು. ಹಸಿರು ದೀಪ ಉರಿಯುತ್ತಿದೆ, ಹೊಟ್ಟೆಯಲ್ಲಿ ಕಾಗದವಿದೆ, ಶಾಯಿಯಿದೆ, ಯಾರೂ ಕೇಳದಿದ್ದರೂ ಆಗಾಗ ಗರಗರ ಎಂದು ಗಂಟಲು ಸರಿಪಡಿಸಿಕೊಳ್ಳುತ್ತದೆ. ಆದರೂ ಲ್ಯಾಪ್‌ಟಾಪಿನದು ಒಂದೇ ಹಟ: ‘ಪ್ರಿಂಟರ್ ಆಫ್‌ಲೈನ್’. ಎದುರಿಗೇ ಇದೆಯಲ್ಲೋ ಎಂದು ತೋರಿಸಿದರೆ ನೋಡಲು ಅದಕ್ಕೆ ಕಣ್ಣಿಲ್ಲ.

ಪ್ರಿಂಟರುಗಳ ಜಾತಕವೇ ಹೀಗೆ. ವರ್ಷದ ಮುಕ್ಕಾಲು ಪಾಲು ಅವುಗಳ ಮೇಲೆ ನಾವು ಮಡಚಿದ ಬಟ್ಟೆ ಇಡುತ್ತೇವೆ. ಬೇಕಾಗುವುದು ಮಗಳ ಪ್ರಾಜೆಕ್ಟಿನ ಹಿಂದಿನ ರಾತ್ರಿ, ಜೆರಾಕ್ಸ್ ಅಂಗಡಿ ಬಾಗಿಲು ಹಾಕಿದ ಮೇಲೆ. ಇಲ್ಲವೇ ನವೆಂಬರಿನಲ್ಲಿ.

ಪಿಂಚಣಿದಾರರಿರುವ ಮನೆಗಳಿಗೆ ನವೆಂಬರ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ತಾವಿನ್ನೂ ಬದುಕಿದ್ದೇವೆಂದು ಹಿರಿಯರು ಸರಕಾರಕ್ಕೆ ತಿಳಿಸುವ ತಿಂಗಳು. 2014ರ ನವೆಂಬರಿನಲ್ಲಿ ‘ಜೀವನ ಪ್ರಮಾಣ’ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂದ ಮೇಲೆ ಕಾಗದ ಹಿಡಿದು ಓಡಾಡುವುದು ತಪ್ಪಿತು. 2021ರಿಂದ ಬೆರಳಚ್ಚೂ ಬೇಡ. ಮೊಬೈಲಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಿದರಾಯಿತು. ಅಪ್ಪ ಮಿಟುಕಿಸಲಿಲ್ಲ. ಸ್ಟುಡಿಯೋದವರು ‘ಕಣ್ಣು ಮುಚ್ಚಬೇಡಿ ಸಾರ್’ ಎಂದು ಜೀವಮಾನವಿಡೀ ತಿದ್ದಿದ ಮುಖ ಅದು. ನೀರು ಬರುವ ತನಕ ಕಣ್ಣು ಅರಳಿಸಿಕೊಂಡೇ ಕುಳಿತರು. ಕಡೆಗೆ ಸೊಳ್ಳೆಯೊಂದು ಹತ್ತಿರ ಹಾದದ್ದರಿಂದ ಅವರು ಸಜೀವರೆಂದು ಸಾಬೀತಾಯಿತು.

“ಮುಗಿಯಿತಪ್ಪ, ಸಂದೇಶವೂ ಬಂತು” ಎಂದೆ.

“ಸರಿ, ಪ್ರಿಂಟ್ ತೆಗೆದುಕೊಡು.”

“ಕಾಗದ ಬೇಡ ಎಂದೇ ಅಲ್ಲವೇ ಇದನ್ನು ಮಾಡಿರುವುದು?”

“ನಾಳೆ ಯಾರಾದರೂ ಕೇಳಿದರೆ ನಾನು ಬದುಕಿದ್ದೇನೆಂದು ಏನನ್ನು ತೋರಿಸಲಿ?”

ನಿಮ್ಮನ್ನೇ ತೋರಿಸಿಕೊಳ್ಳಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸರಕಾರಿ ಕಚೇರಿಯಲ್ಲಿ ಅಷ್ಟು ಸಾಲದೆಂದು ದೂರವಾಣಿ ಇಲಾಖೆಯಲ್ಲಿ ತಲೆ ನರೆಸಿಕೊಂಡವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮೂಲ ವ್ಯಾಧಿ ಹಿಂದಿನ ವಾರದ್ದು. ಇಂಟರ್‌ನೆಟ್ಟಿನ ಹುಡುಗ ಬಂದು ಹಳೆಯ ರೂಟರ್ ಕಿತ್ತು ಹೊಸದನ್ನು ಇಟ್ಟ. ಹೊಸದಕ್ಕೆ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ದಾರಿ; ನಮ್ಮ ಪ್ರಿಂಟರ್ ಮೊದಲನೆಯದನ್ನು ಬಿಟ್ಟು ಬೇರೆಯದನ್ನು ಅರಿಯದು. ಅದು ಹೋಗಲಿ, ಹೊಸ ಡಬ್ಬಿಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಟ್ಟಿದ್ದರೆ ಮನೆಯ ಯಂತ್ರಗಳಿಗೆ ಯಜಮಾನ ಬದಲಾದದ್ದೇ ತಿಳಿಯುತ್ತಿರಲಿಲ್ಲ. ಅವನು ಕೊಡಲಿಲ್ಲ. ನಾವೇ ಬದಲಿಸೋಣವೆಂದರೆ ಅದಕ್ಕೆ ಬೇರೊಂದು ಪಾಸ್‌ವರ್ಡ್ ಬೇಕು, ಅದು ಕಂಪನಿಯವರ ಹತ್ತಿರವೇ ಇರುತ್ತದಂತೆ. “ಐದು ಸ್ಟಾರ್ ಕೊಡಿ ಸಾರ್” ಎಂದು ನನ್ನ ಕೈಯಿಂದಲೇ ಒತ್ತಿಸಿಕೊಂಡು ಹೋದ.

ಹಾಗಾಗಿ ಹೊಸ ಪಾಸ್‌ವರ್ಡನ್ನು ಪ್ರಿಂಟರಿಗೆ ಬಾಯಿಪಾಠ ಮಾಡಿಸಬೇಕಾಯಿತು. ಅದರ ಪರದೆ ಎರಡು ಸಾಲಿನದು. ಅಕ್ಷರಗಳ ಗುಂಡಿಗಳಿಲ್ಲ, ಮೇಲೆ ಕೆಳಗೆ ಹೋಗುವ ಬಾಣಗಳಷ್ಟೇ. ‘ಟಿ’ ಬೇಕೆಂದರೆ ‘ಎ’ಯಿಂದ ಹೊರಟು ಒತ್ತುತ್ತಲೇ ಸಾಗಬೇಕು. ಸ್ವಲ್ಪ ಯೋಚಿಸುತ್ತ ಕುಳಿತರೆ ಪರದೆಗೆ ನಿದ್ದೆ ಹತ್ತಿ ಹಾಕಿದ್ದೆಲ್ಲ ಅಳಿಸಿಹೋಗುತ್ತದೆ.

ಪಾಸ್‌ವರ್ಡ್ ಇರುವುದು ರೂಟರಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ, ಇರುವೆಗಳಿಗೆಂದೇ ಅಚ್ಚು ಹಾಕಿಸಿದ ಅಕ್ಷರಗಳಲ್ಲಿ. ರೂಟರ್ ಹಾಲಿನಲ್ಲಿ, ಪ್ರಿಂಟರ್ ಒಳಕೋಣೆಯಲ್ಲಿ. ಭೂತಗನ್ನಡಿ ಹಿಡಿದು ಓದುವ ಹೊಣೆಯನ್ನು ಅಪ್ಪ ತಾವಾಗಿಯೇ ವಹಿಸಿಕೊಂಡರು. ಟ್ರಂಕ್ ಕಾಲ್ ಕಾಲದ ದನಿ ಎಲ್ಲಿತ್ತೋ, ಎದ್ದು ಬಂತು.

“ಟಿ! ತಿರುಪತಿಯ ಟಿ! ದೊಡ್ಡದು!”

ಒತ್ತಿದೆ.

“ಜಿ! ಗುಲ್ಬರ್ಗದ ಜಿ! ಸಣ್ಣದು!”

“ಮಾವ, ಅದೀಗ ಕಲಬುರಗಿ” ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ.

“ಹಾಗಾದರೆ ಕೆ ಒತ್ತಲೇ?” ಎಂದೆ.

“ಜಿ ಎಂದರೆ ಜಿ! ಮುಂದೆ ಬಿ. ಬಿಜಾಪುರದ್ದು.”

“ಅದು ವಿಜಯಪುರ ತಾತ!” ಮಗಳೂ ಸೇರಿಕೊಂಡಳು. ‘ಜೀವನ ಪ್ರಮಾಣ’ ಬಂದ ತಿಂಗಳಲ್ಲೇ ನಮ್ಮ ಹನ್ನೆರಡು ಊರುಗಳ ಹೆಸರನ್ನೂ ಸರಕಾರ ಬದಲಿಸಿದ್ದು ಅಪ್ಪನ ಪಾಲಿಗೆ ದುಬಾರಿಯಾಯಿತು. ಬೆಳಗಾವಿಗೆ ಹೋಗೋಣವೆಂದರು, ಅಲ್ಲಿ ಅಕ್ಷರ ಬದಲಾಗಿಲ್ಲವಲ್ಲ. ಈ ಚರ್ಚೆಯ ನಡುವೆ ಪರದೆ ಮಲಗಿತು. ಮತ್ತೆ ತಿರುಪತಿಯಿಂದ ಹೊರಟೆವು.

ಕೊನೆಯದು ಸೊನ್ನೆಯೋ ‘ಓ’ ಅಕ್ಷರವೋ ಎಂಬ ಅನುಮಾನ ಬಂತು. ಬೆಳಕಿಗೆ ಹಿಡಿದು ನೋಡುತ್ತೇನೆಂದು ಅಪ್ಪ ರೂಟರನ್ನು ಎತ್ತಿದರು. “ಸೊನ್ನೆ!” ಎಂಬ ವಿಜಯಘೋಷ ಕೇಳಿತು. ಒತ್ತಿ, ಓಕೆ ಕೊಟ್ಟೆ. ಪ್ರಿಂಟರ್ ಬಹಳ ಹೊತ್ತು ಹುಡುಕಿ, ಈ ಹೆಸರಿನ ನೆಟ್‌ವರ್ಕೇ ಇಲ್ಲ ಎಂದಿತು. ನಿಜವನ್ನೇ ಹೇಳಿತ್ತು. ಹಾಲಿಗೆ ಹೋಗಿ ನೋಡಿದರೆ ಅಪ್ಪ ಕಿಟಕಿಯ ಬಳಿ ರೂಟರನ್ನು ಎದೆಗವಚಿಕೊಂಡು ನಿಂತಿದ್ದಾರೆ, ಅದರ ಕರೆಂಟಿನ ಪಿನ್ನು ಟಿವಿಯ ಹಿಂದೆ ಜೋತಾಡುತ್ತಿದೆ.

“ನಮ್ಮ ಕಾಲದಲ್ಲಿ ಲೈನ್ ಸತ್ತರೆ ತಂತಿ ಹಿಡಿದು ಹೋಗಿ ಎಲ್ಲಿ ತುಂಡಾಗಿದೆ ಎಂದು ಕಂಡುಹಿಡಿಯುತ್ತಿದ್ದೆವು. ಇದಕ್ಕೆ ವೈರೇ ಇಲ್ಲವಲ್ಲ, ಏನನ್ನು ಹಿಡಿದುಕೊಂಡು ಹೋಗುತ್ತೀಯೆ?” ಎಂದರು, ಪಿನ್ನಿನ ಕಡೆ ನೋಡದೆ.

1980ರ ಸುಮಾರಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ತಂತ್ರಾಂಶ ಬರೆಯುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಅವರಿಗೂ ಒಂದು ಪ್ರಿಂಟರ್ ಗಂಟುಬಿದ್ದಿತ್ತು. ಪದೇ ಪದೇ ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ತಿಳಿಯುವಂತೆ ಮಾಡೋಣವೆಂದು ಅದರ ತಂತ್ರಾಂಶದ ಮೂಲ ಬರಹ (ಸೋರ್ಸ್ ಕೋಡ್) ಕೇಳಿದರೆ ಕೊಡಲಿಲ್ಲ. ಆ ಸಿಟ್ಟು ಬೆಳೆದು, 1983ರಲ್ಲಿ ಅವರು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಸಾರಿ, ಮುಕ್ತ ತಂತ್ರಾಂಶ ಚಳವಳಿಯೇ ಹುಟ್ಟಿತು. ನನಗಿದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಪ್ರಿಂಟರಿನ ದೆಸೆಯಿಂದ ಬರೀ ಚಳವಳಿ ಹುಟ್ಟಿ, ಕೊಲೆಯಾಗಲಿಲ್ಲವಲ್ಲ ಎಂಬುದೇ ಆಶ್ಚರ್ಯ.

ಮತ್ತೊಮ್ಮೆ ತಿರುಪತಿ, ಗುಲ್ಬರ್ಗ ಸುತ್ತಿ ಬಂದ ಮೇಲೆ ಪ್ರಿಂಟರ್ ರೂಟರಿನೊಂದಿಗೆ ಕೂಡಿಕೊಂಡಿತು. ಲ್ಯಾಪ್‌ಟಾಪ್ ಮಾತ್ರ ಈಗಲೂ ಆಫ್‌ಲೈನ್ ಎನ್ನುತ್ತಿತ್ತು. ಹೊಸ ರೂಟರ್ ಪ್ರಿಂಟರಿಗೆ ಹೊಸ ಐಪಿ ವಿಳಾಸ ಕೊಟ್ಟಿದೆ. ಲ್ಯಾಪ್‌ಟಾಪ್ ಮಾತ್ರ ಮನೆ ಬದಲಿಸಿದವರ ಹಳೆಯ ಬಾಗಿಲು ಬಡಿಯುವ ಅಂಚೆಯವನಂತೆ ಹಳೆಯದಕ್ಕೇ ಕಳಿಸುತ್ತಿದೆ. ಪ್ರಾಪರ್ಟೀಸ್ ತೆರೆದು, ಪೋರ್ಟ್ ಹುಡುಕಿ, ಅಂಕಿ ತಿದ್ದಿದೆ.

ಪ್ರಿಂಟರ್ ನಡುಗಿತು. ನಾನಿಲ್ಲದ ಹೊತ್ತಿನಲ್ಲೆಲ್ಲ ಅಪ್ಪ ಬಂದು ಪ್ರಿಂಟ್ ಒತ್ತಿ ನೋಡುತ್ತಿದ್ದರೆಂದು ತಿಳಿದದ್ದು ಆಗಲೇ. ಸರದಿಯಲ್ಲಿ ಕಾದಿದ್ದವೆಲ್ಲ ಒಂದರ ಹಿಂದೊಂದು ಹೊರಬಂದವು. ಒಬ್ಬ ಮನುಷ್ಯ ಅಷ್ಟೊಂದು ಸಲ ಬದುಕಿರಲು ಸಾಧ್ಯವಿಲ್ಲ.

ಕಾಗದಗಳನ್ನು ಜೋಡಿಸುತ್ತ ಅಪ್ಪ ಬ್ಯಾಂಕಿನ ಮಾತು ತೆಗೆದರು. ಮೊದಲೆಲ್ಲ ನವೆಂಬರಿನಲ್ಲಿ ಇಲಾಖೆಯ ಹಳಬರು ಅಲ್ಲಿಯೇ ಸಿಗುತ್ತಿದ್ದರು. ಸಾಲಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿಕೊಳ್ಳುತ್ತಿದ್ದರು. ಯಾರಾದರೂ ಕಾಣದಿದ್ದರೆ ವಿಚಾರಿಸುತ್ತಿದ್ದರು. ಹೊರಗೆ ಬಂದು ಕಾಫಿ ಕುಡಿದು, ಬರುವ ವರ್ಷ ನೋಡೋಣ ಎಂದು ಚದುರುತ್ತಿದ್ದರು. “ಈಗ ಎಲ್ಲರೂ ಮನೆಯಲ್ಲೇ ಕುಳಿತು ಕಣ್ಣು ಮಿಟುಕಿಸುತ್ತಾರೆ. ಯಾರು ಮಿಟುಕಿಸಿದರು, ಯಾರು ಇಲ್ಲ, ನಮಗೆ ಹೇಗೆ ಗೊತ್ತಾಗಬೇಕು?” ನನ್ನಲ್ಲಿ ಉತ್ತರವಿರಲಿಲ್ಲ. ಪ್ರಿಂಟರ್ ಇನ್ನೂ ಕಾಗದ ಉಗುಳುತ್ತಿತ್ತು.

ಮರುದಿನ ಒಂದು ಪ್ರತಿ ಹಿಡಿದು ಬ್ಯಾಂಕಿಗೆ ಹೋಗಿಬಂದರು. ಇದೆಲ್ಲ ಕಂಪ್ಯೂಟರಿಗೇ ಬಂದುಬಿಟ್ಟಿದೆ, ಕಾಗದ ಬೇಕಿಲ್ಲ ಎಂದು ಅಲ್ಲಿನ ಹುಡುಗಿ ಹಿಂದಿರುಗಿಸಿದಳಂತೆ. ಬರುವಾಗ ಅವರ ಕೈಯಲ್ಲಿ ಏನೋ ಫಳಫಳ ಹೊಳೆಯುತ್ತಿತ್ತು.

“ನಿನ್ನ ಪ್ರಿಂಟಿನಲ್ಲಿ ನನ್ನ ಮುಖದ ಮೇಲೆಲ್ಲ ಬಿಳಿ ಗೆರೆ ಬಂದಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಬೇರೆ ತೆಗೆಸಿದೆ” ಎಂದರು. “ಹಾಗೆಯೇ ಲ್ಯಾಮಿನೇಷನ್ ಮಾಡಿಸಿದೆ.”

“ಅಪ್ಪ, ಇದು ಒಂದು ವರ್ಷಕ್ಕೆ ಮಾತ್ರ.”

“ಗೊತ್ತು. ಅಂಗಡಿಯವನು ಹತ್ತು ವರ್ಷಕ್ಕೇನೂ ಆಗುವುದಿಲ್ಲ ಎಂದಿದ್ದಾನೆ.”