ಬಯಾಪ್ಸಿ ಚೂರನ್ನು ಲ್ಯಾಬಿನಲ್ಲಿ ಬೆಳೆಸುವುದಿದ್ದರೆ ಮನೆಯವರಿಗೆ ಹೇಳ್ರಿ

'ಗಡ್ಡಿ ಚೂರು ಟೆಸ್ಟಿಗೆ ಕಳಸ್ತೀವಿ, ಇಲ್ಲಿ ಹೆಬ್ಬೆಟ್ಟು ಒತ್ರಿ.' ರಾಯಚೂರಿರಲಿ, ಬಳ್ಳಾರಿ, ಕೊಪ್ಪಳವಿರಲಿ, ಇಷ್ಟು ಕೇಳಿದ ಮನೆಯವರು ರಿಪೋರ್ಟಿಗೆ ಕಾಯುತ್ತಾರೆ. ಫಾರ್ಮಲಿನ್ ಡಬ್ಬಿಗೆ ಬಿದ್ದ ಚೂರಿನ ಮಟ್ಟಿಗೆ ಅಷ್ಟು ಮಾತು ಸಾಕು. ಅದರೊಳಗೆ ಜೀವಕೋಶಗಳು ಸಾಯುತ್ತವೆ. ಆರ್ಗನಾಯ್ಡ್, ಅಂದರೆ ಔಷಧಿ ಪರೀಕ್ಷೆ, ಸಂಶೋಧನೆಗಾಗಿ ಲ್ಯಾಬಿನಲ್ಲಿ ಬೆಳೆಸುವ ಕೋಶಗಳ ಪುಟ್ಟ ಗುಂಪು, ಅದಕ್ಕೆ ಕೊಡುವ ಚೂರಿನ ವಿಷಯ ಬೇರೆ. ಅದು ಜೀವಂತವಾಗಿಯೇ ಲ್ಯಾಬ್ ಸೇರಬೇಕು.

ತಣ್ಣನೆಯ ಪೋಷಕ ದ್ರಾವಣದಲ್ಲಿಟ್ಟು ಆದಷ್ಟು ಬೇಗ, ತಡವೆಂದರೆ ಒಂದು ದಿನದೊಳಗೆ ಮುಟ್ಟಿಸಬೇಕು. ರಾಯಚೂರಿನಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ. ಮೇ ತಿಂಗಳ ಬಿಸಿಲಿಗೆ ಐಸ್ ಕರಗಿದರೂ ಕೆಟ್ಟಿತು, ಚೂರು ಹೆಪ್ಪುಗಟ್ಟಿದರೂ ಕೆಟ್ಟಿತು. ಅಲ್ಲಿ ಕಿಣ್ವ ಹಾಕಿ ಕೋಶಗಳನ್ನು ಬಿಡಿಸಿ, ಜೆಲ್‌ನಲ್ಲಿ ಕೂರಿಸಿ, 37 ಡಿಗ್ರಿ ಶಾಖ, ಶೇ 5 ಕಾರ್ಬನ್ ಡೈಆಕ್ಸೈಡ್‌ನಲ್ಲಿ ಇಟ್ಟು, ಎರಡು-ಮೂರು ದಿನಕ್ಕೊಮ್ಮೆ ದ್ರಾವಣ ಬದಲಿಸುತ್ತಾರೆ. ಕರುಳಿನ ಚೂರಿನ ಜೊತೆಗೇ ಬ್ಯಾಕ್ಟೀರಿಯಾ ಬರುತ್ತದೆ. ಶಿಲೀಂಧ್ರ ಹತ್ತಿದರೆ ತಟ್ಟೆಯೇ ಹೋಯಿತು.

'ಅಪ್ಪನ ಕರುಳು ಅಲ್ಲಿ ಬೆಳೀತದೇನ್ರಿ?' ಎಂದು ಕೇಳುವವರಿಗೆ ನೇರ ಉತ್ತರ ಸಿಗಬೇಕು. ಇಲ್ಲ, ಬೆಳೆಯುವುದು ಮರಳಿನ ಕಾಳಿನಷ್ಟು ಗುಂಪುಗಳು. ರಕ್ತನಾಳವಿಲ್ಲದ್ದರಿಂದ ದೊಡ್ಡದಾದಂತೆ ನಡುವಿನ ಕೋಶಗಳು ಆಮ್ಲಜನಕ ಸಿಗದೆ ಸಾಯುತ್ತವೆ. ಸಾಮಾನ್ಯವಾಗಿ ಬಳಸುವ ಜೆಲ್ ಇಲಿಯ ಗಡ್ಡೆಯಿಂದ ತೆಗೆದದ್ದು, ಕೆಲವು ದ್ರಾವಣಗಳಲ್ಲಿ ದನದ ಭ್ರೂಣದ ಸೀರಮ್ ಇರುತ್ತದೆ. ಇದನ್ನು ಕೇಳಿ ಕೆಲವರ ಮನಸ್ಸು ಒಪ್ಪದೇ ಇರಬಹುದು. ಒಪ್ಪದಿರುವುದು ಅವರ ಹಕ್ಕು, ಅದಕ್ಕಾಗಿ ಚಿಕಿತ್ಸೆಯಲ್ಲಿ ಒಂದು ಗುಳಿಗೆಯೂ ಕಡಿಮೆಯಾಗಬಾರದು.

ನನಗೆ ಹೆಚ್ಚು ಚಿಂತೆ ಮುಂದಿನದರದ್ದು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಈ ಕೋಶಗಳು ವರ್ಷಗಟ್ಟಲೆ ಉಳಿಯುತ್ತವೆ, ರೋಗಿ ಹೋದಮೇಲೂ. 1951ರಲ್ಲಿ ಅಮೆರಿಕದ ಕ್ಯಾನ್ಸರ್ ರೋಗಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಕೋಶಗಳನ್ನು ವೈದ್ಯರು ಕೇಳದೇ ತೆಗೆದುಕೊಂಡರು. ಅವುಗಳಿಂದ ಲಾಭ ಮಾಡಿಕೊಂಡ ಒಂದು ಕಂಪನಿಯೊಡನೆ ಕುಟುಂಬಕ್ಕೆ ರಾಜಿಯಾದದ್ದು 2023ರಲ್ಲಿ. ಆದ್ದರಿಂದ ಒಂದೇ ಹೆಬ್ಬೆಟ್ಟು ಸಾಲದು. ಬೆಳೆಸಲು, ಕೂಡಿಡಲು, ಕಂಪನಿಗೆ ಕೊಡಲು, ಜೀನ್ ಓದಲು ಬೇರೆ ಬೇರೆ ಒಪ್ಪಿಗೆ ಕೇಳಿ. ಬೇಡವೆಂದರೆ ಫ್ರೀಜರಿನಲ್ಲಿದ್ದದ್ದನ್ನು ನಾಶ ಮಾಡಬಹುದು, ಈಗಾಗಲೇ ಪ್ರಕಟವಾದ ಮಾಹಿತಿಯನ್ನು ವಾಪಸ್ ತರಲಾಗದು ಎಂಬುದನ್ನೂ ಮೊದಲೇ ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಓದಲು ಬಾರದವರಿಗೆ ನಿಷ್ಪಕ್ಷ ಸಾಕ್ಷಿ ಇರಬೇಕು. ಸಂಶೋಧನೆ ಮಾಡುವವರ ಕೈಕೆಳಗಿನ ನರ್ಸ್ ಅಂಥ ಸಾಕ್ಷಿಯಾಗಲಾರರು.

ಇನ್ನೊಂದು. ಕೋಶ ಬೆಳೆದು ಔಷಧಿ ಪರೀಕ್ಷೆಗೆ ಬರಲು ವಾರಗಳೇ ಹಿಡಿಯುತ್ತವೆ, ಎಷ್ಟೋ ಸಲ ಬೆಳೆಯುವುದೇ ಇಲ್ಲ. ಅದರ ಫಲಿತಾಂಶ ನೋಡಿಯೇ ಕೀಮೋ ಕೊಡುತ್ತಾರೆಂದು ಮನೆಯವರು ದಿನ ಎಣಿಸುತ್ತ ಕೂರದಂತೆ, ಚೂರು ತೆಗೆಯುವ ದಿನವೇ ಬಿಡಿಸಿ ಹೇಳ್ರಿ.