ತಟ್ಟಿದರೆ ಗೋಡೆ ಬಾಯಿ ಬಿಡುತ್ತದೆಯೇ?

ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ತೆಗೆಯೋಣ ಎಂದು ಮಾತು ಬಂದರೆ ಸಾಕು, ಯಾರಾದರೊಬ್ಬರು ಎದ್ದುಹೋಗಿ ಅದನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಕಿವಿಯಿಟ್ಟು ಕೇಳಿ, ‘ಬರೀ ಅಡ್ಡಗೋಡೆ, ಒಡೀರಿ’ ಎಂದು ತೀರ್ಪು ಕೊಡುತ್ತಾರೆ. ತಟ್ಟಿದರೆ ತಿಳಿಯುವುದು ಒಳಗಿರುವುದು ಇಟ್ಟಿಗೆಯೋ ಹಲಗೆಯೋ ಎಂಬುದಷ್ಟೇ. ತಲೆಯ ಮೇಲೆ ಏನಿದೆಯೆಂದು ಗೋಡೆ ಹೇಳುವುದಿಲ್ಲ.

ಆಮೇಲೆ ಟೇಪ್ ಹಿಡಿದವರು ಬರುತ್ತಾರೆ. 9 ಇಂಚಿದ್ದರೆ ಭಾರ ಹೊರುವ ಗೋಡೆ, 4.5 ಇಂಚಿದ್ದರೆ ಅಲ್ಲ ಎಂಬುದು ಇವರ ಶಾಸ್ತ್ರ. ಅನುಮಾನಪಡಲು ಇಷ್ಟು ಸಾಕು, ಸುತ್ತಿಗೆ ಎತ್ತಲು ಸಾಲದು. ಪಿಲ್ಲರ್-ಬೀಮ್ ಇರುವ ಮನೆಯಲ್ಲಿ 9 ಇಂಚಿನದೂ ಬೀಮಿನಡಿ ಸುಮ್ಮನೆ ನಿಂತಿರಬಹುದು. ಪಿಲ್ಲರೇ ಇಲ್ಲದ ಮನೆಯಲ್ಲಿ 4.5 ಇಂಚಿನದು ಸ್ಲ್ಯಾಬಿಗೆ ಹೆಗಲು ಕೊಟ್ಟಿರಬಹುದು. ‘ಬಾಗಿಲಿದೆಯಲ್ಲ, ಭಾರ ಎಲ್ಲಿಂದ ಬಂತು?’ ಎನ್ನುವವರೂ ಇದ್ದಾರೆ. ಬಾಗಿಲ ಮೇಲಿನ ಭಾರವನ್ನು ಲಿಂಟಲ್ ಎರಡೂ ಪಕ್ಕಕ್ಕೆ ದಾಟಿಸುತ್ತದೆ. ಆ ಪಕ್ಕಗಳನ್ನೇ ಕೆಡವಿದರೆ ದಾಟಿಸುವುದು ಎಲ್ಲಿಗೆ?

ಲೆಕ್ಕ ಹಾಕಿ. 125 ಮಿ.ಮೀ. ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 310 ಕೆ.ಜಿ. ತೂಗುತ್ತದೆ. ನಾಲ್ಕೂ ಗೋಡೆಗಳ ಮೇಲೆ ಕೂತ 4 ಮೀಟರ್ ಚೌಕದ ಎರಡು ಕೋಣೆಗಳಿದ್ದರೆ, ನಡುಗೋಡೆಯ ಪಾಲು ಹೆಚ್ಚುಕಡಿಮೆ ಎರಡೂವರೆ ಟನ್. ಮೇಲಿನ ಮಹಡಿ, ನೀರಿನ ಟ್ಯಾಂಕು, ಮಂಚ, ನೆಂಟರು ಎಲ್ಲ ಬೇರೆ.

ನೋಡಬೇಕಾದದ್ದು ಗೋಡೆಯ ಮೇಲೆ ಮತ್ತು ಕೆಳಗೆ. ನೇರ ಮೇಲಿನ ಮಹಡಿಯಲ್ಲೂ ಗೋಡೆಯಿದ್ದು, ಕೆಳಗೆ ಪಾಯವೂ ಇದ್ದರೆ ಅದು ಹೊರುವ ಗೋಡೆಯೆಂದೇ ಹಿಡಿಯಿರಿ. ಮರದ ಮಾಳಿಗೆಯಾದರೆ ಜಂತೆಗಳು ಅದಕ್ಕೆ ಅಡ್ಡಲಾಗಿ ಬಂದಿವೆಯೇ, ಅವುಗಳ ತುದಿಗಳು ಅದರ ಮೇಲೆ ಕೂಡಿವೆಯೇ ನೋಡಿ. ಕೂಡಿದ್ದರೆ ಮಾತೇ ಬೇಡ. ಕಾಂಕ್ರೀಟ್ ಮನೆಯಲ್ಲಿ ಸೂರಿನಂಚಿಗೆ ಅಂಗೈಯಗಲ ಗಾರೆ ಕೆತ್ತಿ. ಬೀಮ್ ಕಂಡು, ಅದರಡಿ ಸಂದಿಗೆ ಗಾರೆ ತುಂಬಿದ್ದರೆ ಬಹುಶಃ ಬದುಕಿದಿರಿ. ಇಟ್ಟಿಗೆಯ ಮೇಲೆ ನೇರ ಸ್ಲ್ಯಾಬೇ ಇದ್ದರೆ ಉಳಿ ಕೆಳಗಿಟ್ಟು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ. ಬದುಕಿದೆವೆಂದುಕೊಂಡವರೂ ಕರೆಯುವುದು ಒಳ್ಳೆಯದು.

ತಪ್ಪು ಗೋಡೆ ತೆಗೆದರೆ ಮನೆ ಅಂದೇ ಬೀಳಬೇಕೆಂದಿಲ್ಲ, ಮೋಸ ಇರುವುದೇ ಅಲ್ಲಿ. ಮೊದಲು ಮಹಡಿಯ ಬಾಗಿಲು ಕಚ್ಚುತ್ತದೆ. ಮಳೆಗಾಲದ ತೇವವೆಂದು ಬಡಗಿ ಬಂದು ಹತ್ತರಿ ಹೊಡೆಯುತ್ತಾನೆ. ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಪೇಂಟರ್ ಪುಟ್ಟಿ ಮೆತ್ತುತ್ತಾನೆ. ಬಿರುಕು ಮತ್ತೆ ಅದೇ ದಾರಿ ಹಿಡಿದು ಬರುತ್ತದೆ.

ತೆಗೆಯಲೇಬೇಕಾದರೆ ಮೊದಲ ಇಟ್ಟಿಗೆಗೂ ಮುಂಚೆ ಎರಡೂ ಬದಿಗೆ ಸ್ಲ್ಯಾಬಿಗೆ ಆಸರೆಯಾಗಿ ಜಾಕ್ ಕೊಡಬೇಕು. ಅಡಿಯಲ್ಲೊಂದು ಮಹಡಿಯಿದ್ದರೆ ಅಲ್ಲಿಯೂ. ಗೋಡೆಯ ಬದಲು ಕೂರಿಸುವ ಬೀಮಿನ ಅಳತೆ ಎಂಜಿನಿಯರದ್ದು. ಅದರ ಎರಡೂ ತುದಿ ಕಾಂಕ್ರೀಟ್ ದಿಂಬಿನ ಮೇಲೆ ಕನಿಷ್ಠ 150 ಮಿ.ಮೀ.ನಷ್ಟು ಕೂರಬೇಕು, ಇಲ್ಲದಿದ್ದರೆ ಅಡಿಯ ಇಟ್ಟಿಗೆ ಪುಡಿಯಾಗುತ್ತದೆ. ಬೀಮಿಗೂ ಸ್ಲ್ಯಾಬಿಗೂ ನಡುವಿನ ಸಂದಿಗೆ ಗಟ್ಟಿ ಗಾರೆಯನ್ನು ಬಡಿದು ತುಂಬಿ, ಅದು ಬಲಿತ ಮೇಲಷ್ಟೇ ಜಾಕ್ ಇಳಿಸಿ. ಸಂದಿ ಹಾಗೇ ಉಳಿದರೆ ಸ್ಲ್ಯಾಬ್ ತಾನೇ ಬಾಗಿ ಬೀಮನ್ನು ಹುಡುಕಿಕೊಂಡು ಬರುತ್ತದೆ.